ಸಿಮ್‌ಗಳ ನೆನಪು, ಸಿಮ್‌ಗಳ ಮರೆವು

15 ಫೆಬ್ರವರಿ 2025, ಶನಿವಾರ

‘ಸಿಮ್’ಗಳೆಂಬ ಪಾತ್ರಗಳ ದಿನನಿತ್ಯದ ಬದುಕನ್ನು ಆಟಗಾರರೇ ನಡೆಸುವ ‘ದಿ ಸಿಮ್ಸ್’ ಎಂಬ ಕಂಪ್ಯೂಟರ್ ಆಟಗಳ ಸರಣಿಗೆ ಇಪ್ಪತ್ತೈದು ವರ್ಷ ತುಂಬಿದ ನೆಪದಲ್ಲಿ ಅದರ ಮೊದಲೆರಡು ಆಟಗಳು ಕಳೆದ ತಿಂಗಳ ಕೊನೆಗೆ ಮರುಬಿಡುಗಡೆಯಾದವು. ಅಂದಿನಿಂದ ಬಿಡುವಾದಾಗಲೆಲ್ಲ ಅವನ್ನೂ ನಾಲ್ಕನೆಯದನ್ನೂ ಒಂದಾದ ಮೇಲೊಂದರಂತೆ ಆಡುತ್ತಿದ್ದೇನೆ. ಗ್ರಾಫಿಕ್ಸ್‌ನ ಮಾತು ಬೇಡ. ಅದರಲ್ಲಿ ಹೊಸದೇ ಗೆಲ್ಲುತ್ತದೆ. ಬದುಕನ್ನೇ ಆಟವಾಗಿಸುತ್ತೇನೆ ಎಂದು ಹೊರಟ ಸರಣಿಯು ಕಾಲವನ್ನು ಹೇಗೆ ನಡೆಸಿಕೊಂಡಿದೆ ಎಂಬುದಷ್ಟೇ ನನ್ನ ಕುತೂಹಲ.

ವಿಲ್ ರೈಟ್ ರೂಪಿಸಿದ 2000ದ ಮೊದಲ ಆಟದಲ್ಲಿ ಶಾಲೆಗೆ ಹೋಗುವ ಹುಡುಗ ಎಂದೆಂದಿಗೂ ಹುಡುಗನೇ, ದೊಡ್ಡವರಿಗೆ ಮುಪ್ಪೆಂಬುದಿಲ್ಲ. ಹಸಿವು, ನಿದ್ದೆ, ಶುಚಿತ್ವ ಮೊದಲಾದ ಎಂಟು ಅಗತ್ಯಗಳನ್ನು ತೀರಿಸುವುದರಲ್ಲೇ ದಿನ ಕಳೆದುಹೋಗುತ್ತದೆ. ಕೆಲಸಕ್ಕೆ ಕರೆದೊಯ್ಯುವ ಕಾರು ಹಾರ್ನ್ ಹೊಡೆಯುವ ಹೊತ್ತಿಗೆ ಇನ್ನೂ ಸ್ನಾನವಾಗದ ಸಿಮ್‌ನ ಗಡಿಬಿಡಿ ಈಗಲೂ ನಗೆ ತರಿಸುತ್ತದೆಯಾದರೂ ಬಹಳ ಹೊತ್ತು ಆಡಲಾಗುವುದಿಲ್ಲ.

2004ರ ಎರಡನೆಯ ಆಟದಲ್ಲಿ ಸಿಮ್‌ಗಳು ಬೆಳೆದು, ಮುದುಕರಾಗಿ, ಸಾಯುತ್ತಾರೆ. ಅನುವಂಶೀಯತೆಯ ಲೆಕ್ಕಾಚಾರವೂ ಇಲ್ಲಿ ಬಂತು: ಕಪ್ಪು ಕೂದಲು ಪ್ರಬಲ, ಕೆಂಪು ದುರ್ಬಲ. ಹಾಗಾಗಿ ತಂದೆತಾಯಿ ಇಬ್ಬರದೂ ಕಪ್ಪು ಕೂದಲಾಗಿದ್ದರೂ ಎಂದೋ ತೀರಿಹೋದ ಅಜ್ಜಿಯ ಕೆಂಗೂದಲು ಮೊಮ್ಮಗಳ ತಲೆಯಲ್ಲಿ ಮತ್ತೆ ಕಾಣಿಸಿಕೊಳ್ಳಬಹುದು. ಪ್ರತಿಯೊಬ್ಬರಿಗೂ ನೆನಪುಗಳ ಪಟ್ಟಿಯೊಂದಿದೆ. ಮೊದಲ ಮುತ್ತು, ಮದುವೆ, ಮನೆಯವರ ಸಾವು ಎಲ್ಲವೂ ಅಲ್ಲಿ ಸಾಲಾಗಿ ದಾಖಲಾಗುತ್ತವೆ, ಆಡುವ ಮಾತಿನಲ್ಲೂ ನುಸುಳುತ್ತವೆ. (ಉದ್ಯಾನದಲ್ಲಿ ಗಂಟೆಗಟ್ಟಲೆ ಅಲೆದು ಮನೆಗೆ ಮರಳಿದರೆ ಗಡಿಯಾರ ಹೊರಟ ಹೊತ್ತನ್ನೇ ತೋರಿಸುವ ವಿಚಿತ್ರವನ್ನು ಅಭಿಮಾನಿಯಾದ ನಾನೂ ಸಮರ್ಥಿಸಲಾರೆ.)

2009ರ ಮೂರನೆಯ ಆಟವು ಇಡೀ ಊರನ್ನೇ ತೆರೆದಿಟ್ಟಿತು. ನಾವು ಗಮನಿಸದಿದ್ದರೂ ನೆರೆಯವರು ಮದುವೆಯಾಗುತ್ತಿದ್ದರು, ಮನೆ ಬದಲಿಸುತ್ತಿದ್ದರು. ಕಂಪ್ಯೂಟರಿಗೆ ಮಾತ್ರ ಅದು ಭಾರಿ ಹೊರೆಯಾಗಿತ್ತು.

2014ರಲ್ಲಿ ನಾಲ್ಕನೆಯದು ಬಂದಾಗ ಈಜುಕೊಳವೂ ಇರಲಿಲ್ಲ, ಅಂಬೆಗಾಲು ದಾಟಿದ ಪುಟ್ಟ ಮಕ್ಕಳೂ ಇರಲಿಲ್ಲ. ಕೊಳ ಆ ವರ್ಷದ ಕೊನೆಗೆ ಬಂದರೆ, ಮಕ್ಕಳು ಬರಲು 2017 ಆಯಿತು. ಮೂಲ ಆಟ 2022ರಿಂದ ಉಚಿತ. ಗೋಡೆ ಹಿಡಿದೆಳೆದು ಕೋಣೆಯನ್ನೇ ಹಿಗ್ಗಿಸಬಹುದಾದ ಇದರಷ್ಟು ಸಲೀಸಾದ ಮನೆಕಟ್ಟುವ ವ್ಯವಸ್ಥೆ ಹಿಂದಿನ ಯಾವುದರಲ್ಲೂ ಇಲ್ಲ. ಉಣ್ಣುತ್ತಲೇ ಹರಟುವ, ಟಿವಿ ನೋಡುವ ಸಿಮ್‌ಗಳೂ ಹೆಚ್ಚು ಸಹಜವಾಗಿದ್ದಾರೆ.

ಆದರೆ ಇಲ್ಲಿ ಯಾವ ಭಾವವೂ ಆಳಕ್ಕಿಳಿಯುವುದಿಲ್ಲ. ಮೊನ್ನೆ ನನ್ನ ಆಟದಲ್ಲೊಬ್ಬಳು ಗಂಡನನ್ನು ಕಳೆದುಕೊಂಡಳು. ಹಜಾರದಲ್ಲಿ ಒಳ್ಳೆಯ ಚಿತ್ರಪಟಗಳಿದ್ದುದರಿಂದ ಆ ಅಲಂಕಾರದ ಸಂತೋಷವೂ ಊಟ ರುಚಿಯಾಗಿದ್ದುದರ ಸಂತೋಷವೂ ಸೇರಿ ದುಃಖವನ್ನು ಮೀರಿಸಿದವು, ಚಿತಾಭಸ್ಮದ ಕಲಶದ ಪಕ್ಕದಲ್ಲೇ ಆಕೆ ಮುಗುಳ್ನಗುತ್ತಾ ನಿಂತಳು. ಭಾವಗಳನ್ನು ಅಂಕಗಳಂತೆ ಕೂಡಿ ಕಳೆದರೆ ಆಗುವುದು ಹೀಗೆಯೇ. ಎಲ್ಲ ವಯಸ್ಸಿನವರ ಬದುಕಿನ ಮೈಲಿಗಲ್ಲುಗಳನ್ನು ದಾಖಲಿಸುವ ಸೌಲಭ್ಯ 2023ರ ‘ಗ್ರೋಯಿಂಗ್ ಟುಗೆದರ್’ ವಿಸ್ತರಣೆಯೊಂದಿಗೆ ಬಂತು ನಿಜ. ಎರಡನೆಯ ಆಟದ ಮೂಲ ಪ್ರತಿಯಲ್ಲೇ ಇದ್ದ ಇಂಥದೊಂದು ಸಂಗತಿಗೆ ಈಗ ಬೇರೆಯಾಗಿ ಹಣ ತೆರಬೇಕು.