ಬಾಗಿಲು ತೆರೆದ ಮೇಲಿನ ಬದುಕು

ಪುಣೆಯ ಕ್ಯಾಂಪಿನಲ್ಲಿರುವ ‘ಲಾಲ್ ದೇವಳ’ವೆಂಬ ಯಹೂದಿ ಪ್ರಾರ್ಥನಾಮಂದಿರವನ್ನು ಆಗಾಗ ಹಾದುಹೋಗುವ ನಮ್ಮ ಕನ್ನಡ ಓದುಬಳಗದವರಲ್ಲಿ, ನಾಜಿಗಳ ಕಾಲದಲ್ಲಿ ಅಡಗಿ ಉಳಿದ ಯಹೂದಿ ಮಕ್ಕಳ ಮಾತು ಈಚೆಗೆ ಬಂದಿತು. ಹಿರಿಯರೊಬ್ಬರು, “ಎಳೆಯ ಮನಸ್ಸಲ್ಲವೇ, ಬೇಗ ಮರೆತಿರುತ್ತವೆ” ಎಂದರು. ಆ ಮಾತನ್ನು ನಾನು ಒಪ್ಪಲಾರೆ.

ಆಮ್‌ಸ್ಟರ್‌ಡಾಮಿನ ಒಂದು ನಾಟಕಶಾಲೆಯಲ್ಲಿ ನಾಜಿಗಳು ಯಹೂದಿಗಳನ್ನು ಕೂಡಿಹಾಕಿ ಸೆರೆಶಿಬಿರಗಳಿಗೆ ಸಾಗಿಸುತ್ತಿದ್ದರು. ಚಿಕ್ಕ ಮಕ್ಕಳನ್ನು ಮಾತ್ರ ಎದುರಿನ ಶಿಶುವಿಹಾರದಲ್ಲಿ ಇರಿಸುತ್ತಿದ್ದರು. ಅದರ ಮುಖ್ಯಸ್ಥೆ ಹೆನ್ರಿಯೆಟ್ ಪಿಮೆಂಟೆಲ್, ನಾಟಕಶಾಲೆಯ ಆಡಳಿತ ನೋಡಿಕೊಳ್ಳುತ್ತಿದ್ದ ಯಹೂದಿ ವಾಲ್ಟರ್ ಸುಸ್ಕಿಂಡ್ ಹಾಗೂ ಸಂಗಡಿಗರು, ರಸ್ತೆಯ ನಡುವೆ ಟ್ರಾಮ್ ಬಂದು ಕಾವಲುಗಾರರಿಗೆ ಬಾಗಿಲು ಮರೆಯಾಗುವ ಹೊತ್ತನ್ನು ಸಹ ಬಳಸಿಕೊಂಡು, ಸುಮಾರು 600 ಮಕ್ಕಳನ್ನು ಹೊರಗೆ ಸಾಗಿಸಿದರು. ಅವರಿಬ್ಬರೂ ಯುದ್ಧದ ಕೊನೆಯನ್ನು ಕಾಣಲಿಲ್ಲ. ಮಕ್ಕಳಿಗೆ ಹೊಸ ಹೆಸರು, ಹೊಸ ಪ್ರಾರ್ಥನೆ, ಹೊಸ ಅಮ್ಮ ದೊರೆತರು. ಮೊದಲಿನ ಹೆಸರನ್ನು ಬಾಯಿತಪ್ಪಿ ಆಡಿದರೆ ಆಶ್ರಯ ಕೊಟ್ಟವರಿಗೂ ಆಪತ್ತು. ಹೊರಗಿನವರು ಮರೆವೆಂದುಕೊಂಡದ್ದು ಹಲವು ಸಲ ಈ ಶಿಸ್ತೇ ಆಗಿತ್ತು.

ಇಂಥ ಮಕ್ಕಳ ಬಗ್ಗೆ ಹೆಚ್ಚು ತಾಳ್ಮೆಯಿಂದ ಯೋಚಿಸಿದವರು ಹಾನ್ಸ್ ಕೈಲ್ಸನ್. ಜರ್ಮನಿಯ ಯಹೂದಿ ವೈದ್ಯರಾದ ಅವರು ಸ್ವತಃ ನೆದರ್ಲೆಂಡ್ಸ್‌ನಲ್ಲಿ ಅಡಗಿ ಬದುಕಿದವರು. ಅವರ ತಂದೆತಾಯಿ ನಾಜಿಗಳ ಸಾವಿನ ಶಿಬಿರವಾದ ಆಶ್ವಿಟ್ಸ್‌ನಲ್ಲಿ ಸತ್ತರು. ನೆದರ್ಲೆಂಡ್ಸ್‌ನ ಯಹೂದಿ ಅನಾಥ ಮಕ್ಕಳನ್ನು ದೀರ್ಘಕಾಲ ಗಮನಿಸಿ 1979ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅವರು ಆಘಾತವನ್ನು ಮೂರು ಘಟ್ಟಗಳಾಗಿ ಕಂಡರು: ಶತ್ರುವಿನ ಆಕ್ರಮಣ, ಅಡಗುದಾಣ ಅಥವಾ ಶಿಬಿರ, ಯುದ್ಧಾನಂತರದ ಪಾಲನೆ. ಎರಡನೆಯ ಘಟ್ಟದಲ್ಲಿ ಬಹಳ ನೊಂದರೂ ಮೂರನೆಯದರಲ್ಲಿ ಒಳ್ಳೆಯ ಆಸರೆ ಪಡೆದವರು, ಅಡಗಿದ್ದಾಗ ನೆಮ್ಮದಿಯಿಂದಿದ್ದು ಆಮೇಲೆ ಆಸರೆ ತಪ್ಪಿದವರಿಗಿಂತ ಚೆನ್ನಾಗಿ ಚೇತರಿಸಿಕೊಂಡಿದ್ದರು. ನನಗೆ ಇದು ಬಹು ದೊಡ್ಡ ಮಾತೆನಿಸುತ್ತದೆ, ಏಕೆಂದರೆ ಮಗುವಿನ ಗಟ್ಟಿತನವನ್ನು ಹೊಗಳುತ್ತಾ ಕುಳಿತರೆ, ಅದನ್ನು ಬರಮಾಡಿಕೊಂಡ ಮನೆಯ ಹೊಣೆ ನಮ್ಮ ಕಣ್ಣಿಂದ ಜಾರುತ್ತದೆ.

ಅಟ್ಟದಲ್ಲಿ ಅಡಗಿದ್ದ ಬಾಲಕ ರೋಲ್ಡ್ ಹಾಫ್‌ಮನ್ 1981ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಡೆದುದನ್ನು ಬಳಗದಲ್ಲಿ ಯಾರೋ ನೆನಪಿಸಿದರು. ಸಂತೋಷವೇ, ಆದರೆ ಪ್ರಶಸ್ತಿಯಿಂದ ಚೇತರಿಕೆಯನ್ನು ಅಳೆಯಲಾಗದು. ತಾಯಿಯೂ ಅದೇ ಅಟ್ಟದಲ್ಲಿ ಜೊತೆಗಿದ್ದರೆಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ತಾಯಿಯೇ ಮರಳಿ ಬಂದಾಗಲೂ ಗುರುತು ಹಿಡಿಯದೆ, ಸಾಕಿದಾಕೆಯ ಸೆರಗು ಬಿಡಲೊಪ್ಪದ ಮಕ್ಕಳೂ ಇದ್ದರು.

“ನೀನು ಶಿಬಿರ ಕಂಡವನಲ್ಲ, ನಿನ್ನದೇನು ಕಷ್ಟ” ಎಂಬ ಧೋರಣೆ ಯಹೂದಿ ಸಮುದಾಯದೊಳಗೇ ಇದ್ದುದರಿಂದ ಅನೇಕರು ದಶಕಗಳ ಕಾಲ ಬಾಯಿ ಬಿಡಲಿಲ್ಲ. ಅಡಗಿ ಉಳಿದವರ ಮೊದಲ ಅಂತರರಾಷ್ಟ್ರೀಯ ಸಮಾವೇಶ ನ್ಯೂಯಾರ್ಕಿನಲ್ಲಿ ಸೇರಿದ್ದು 1991ರ ಮೇ ತಿಂಗಳಲ್ಲಿ. ಅಷ್ಟು ಹೊತ್ತಿಗೆ ಆ ಮಕ್ಕಳಿಗೆ ಐವತ್ತರ ಆಸುಪಾಸು.