ನಮ್ಮ ಗಂಟು

ಊರಿಗೆ ಬಂದು ನಾಲ್ಕು ದಿನ ಆಯಿತು. ಬ್ಯಾಗು ಇನ್ನೂ ಪೂರ್ತಿ ಬಿಚ್ಚಿಲ್ಲ. ಸುಮ್ನೆ ಕೂತರೆ ಸಾಕು, ಮ್ಯಾಂಚೆಸ್ಟರಿನ ಆ ಮಗ್ಗ ಕಣ್ಣ ಮುಂದೆ ಬರುತ್ತದೆ. ಅದರ ಎದುರು ಸ್ವೆಟರ್ ಮೇಲೆ ಸೆರಗು ಹೊದ್ದು ನಿಂತ ಅವ್ವ.

ಮಳೆ ಹಿಡಿದಿತ್ತು ಅಂತ ತಮ್ಮ ನಮ್ಮನ್ನು ಅಲ್ಲಿನ ಸೈನ್ಸ್ ಆ್ಯಂಡ್ ಇಂಡಸ್ಟ್ರಿ ಮ್ಯೂಸಿಯಂಗೆ ಕರೆದುಕೊಂಡು ಹೋಗಿದ್ದ. 1830ರಲ್ಲಿ ಲಿವರ್‌ಪೂಲ್‌ಗೆ ರೈಲು ಶುರುವಾದಾಗ ಕಟ್ಟಿದ ಸ್ಟೇಷನ್ ಅದೇ ಆವರಣದಲ್ಲಿದೆ. ತಮ್ಮ ಅದನ್ನೆಲ್ಲ ಹುರುಪಿನಿಂದ ಹೇಳುತ್ತಿದ್ದ. ಅವ್ವನ ಕಿವಿ ಬೇರೆ ಕಡೆ ಇತ್ತು.

"ಎಲ್ಲ್ಯೋ ಮಗ್ಗ ನಡದೈತಿ," ಎಂದವಳೇ ಸದ್ದು ಹಿಡಿದು ನಡೆದುಬಿಟ್ಟಳು. ಬೆಟಗೇರಿಯಲ್ಲಿ ನಲವತ್ತು ವರ್ಷ, ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುವ ಕುಣಿಮಗ್ಗದಲ್ಲಿ ಕೂತ ಹೆಂಗಸು. ಅವಳಿಗೆ ಯಾರೂ ದಾರಿ ತೋರಿಸಬೇಕಿರಲಿಲ್ಲ.

ಅಲ್ಲಿ ಮಿಲ್ಲಿನ ಹಳೆಯ ಮಗ್ಗವೊಂದನ್ನು ಓಡಿಸಿ ತೋರಿಸುತ್ತಿದ್ದರು. ಹತ್ತಿಪ್ಪತ್ತು ಮಂದಿ ಸುತ್ತ ನಿಂತು, ಅಡ್ಡ ನೂಲು ಹೊತ್ತು ಹಾರುವ ಲಾಳಿಯನ್ನೇ ನೋಡುತ್ತಿದ್ದರು, ನಾನೂ ಅಷ್ಟೇ. ಅವ್ವ ಮಾತ್ರ ಬಟ್ಟೆ ನೋಡುತ್ತಿದ್ದಳು. ಒಮ್ಮೆಲೇ ಕೈ ಚಾಚಿ, "ಎಳಿ ಹರದೈತಿ, ನಿಂದ್ರಸಂತ ಹೇಳವಾ ಅವಗ," ಎಂದಳು.

"ಸುಮ್ನಿರಬೇ, ಮಂದಿ ನೋಡಾಕತ್ತಾರ," ಎಂದ ತಮ್ಮ.

ತಮ್ಮ ಒಳ್ಳೆಯವನು, ಅವ್ವನನ್ನು ಅಷ್ಟು ದೂರ ಕರೆಸಿಕೊಂಡವನೂ ಅವನೇ. ಆದರೆ ನಾಲ್ಕು ಜನರ ಮುಂದೆ ಅವಳು ಬಾಯಿ ಬಿಟ್ಟರೆ ಮೊದಲು 'ಸುಮ್ನಿರು' ಅನ್ನುವ ಚಾಳಿ ಅವನಿಗಿದೆ. ನನಗೆ ಅದು ಮೊದಲಿನಿಂದಲೂ ಸೇರುವುದಿಲ್ಲ.

ನಾನೇ ಹೋಗಿ ಹೇಳಿದೆ. ಆ ಮನುಷ್ಯ ಮಗ್ಗ ನಿಲ್ಲಿಸಿ ಬಗ್ಗಿ ನೋಡಿದ. ನೇಯ್ದ ಬಟ್ಟೆಯಲ್ಲಿ ಕೂದಲಿನಷ್ಟು ಸಂದು. ಹಾಸಿನ, ಅಂದರೆ ಉದ್ದಕ್ಕೆ ಹಾಸಿದ ನೂಲಿನ, ಒಂದೇ ಒಂದು ಎಳೆ ಹರಿದಿತ್ತು. ಇವರು ನೇಯುತ್ತಾರಾ ಎಂದು ಕೇಳಿದ. ಹೌದೆಂದೆ. ಆಮೇಲೆ ಅವನು ನನ್ನ ಕಡೆ ನೋಡಲೇ ಇಲ್ಲ. ಅವ್ವನನ್ನು ಹತ್ತಿರ ಕರೆದು, ಅವಳಿಗೆ ಕಾಣುವಂತೆ ಹರಿದ ಎಳೆಗೆ ಹೊಸ ನೂಲು ಜೋಡಿಸಿದ. ಎರಡು ತುದಿಗಳನ್ನು ಒಂದರ ಮೇಲೊಂದು ಹೆಬ್ಬೆರಳಿನಲ್ಲಿ ಒತ್ತಿ ಹಿಡಿದ. ನೂಲನ್ನು ಒಂದು ಸುತ್ತು ತಂದ. ಒಂದು ತುದಿಯನ್ನು ಕುಣಿಕೆಯೊಳಗೆ ಮಡಚಿ ಎಳೆದ. ಅಷ್ಟೇ.

ಅವ್ವ ನನ್ನ ಮುಂಗೈ ಹಿಡಿದುಕೊಂಡಳು. "ನಮ್ಮ ಗಂಟೇ ಹಾಕಿದ ನೋಡವಾ."

ನಾಲ್ಕು ದಿನದಿಂದ ಕಿವಿಯಲ್ಲಿ ಇದೇ ಮಾತು. ನಮ್ಮ ಗಂಟೇ ಹಾಕಿದ.

ನೇಕಾರರ ಗಂಟು ಸಣ್ಣದಿರಬೇಕು. ದಪ್ಪಾದರೆ, ಹಾಸಿನ ಎಳೆಗಳು ಹಾಯುವ ಬಾಚಣಿಗೆಯಂಥ ಹಣಿಗೆಯಲ್ಲಿ ಸಿಕ್ಕು ಎಳೆ ಮತ್ತೆ ಹರಿಯುತ್ತದೆ. ಹಗ್ಗ ಜಗ್ಗಿದರೆ ಓಡುವ ಲಾಳಿಗೆ ಜಾನ್ ಕೇ 1733ರಲ್ಲಿ ಪೇಟೆಂಟ್ ಪಡೆದ ಅಂತ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆ. ಈ ಗಂಟನ್ನು ಮೊದಲು ಕಟ್ಟಿದವರು ಯಾರು ಅಂತ ಯಾವ ಪಾಠದಲ್ಲೂ ಇರಲಿಲ್ಲ. ಅದೂ ಒಂದು ಆವಿಷ್ಕಾರವೇ ಅಲ್ವಾ? ಕೇ ಮ್ಯಾಂಚೆಸ್ಟರ್ ಪಕ್ಕದ ಬೆರಿ ಊರಿನ ಕಡೆಯವನು, ನೀನು ಜಗ್ಗಿದ್ದು ಅವನ ಹಗ್ಗವನ್ನೇ, ಅವನು ಹಣಿಗೆ ಮಾಡುತ್ತಿದ್ದ ಅಂತ ಅವ್ವನಿಗೆ ಹೇಳಿದೆ. "ಹಣಿಗಿ ಮಾಡಾಂವನ? ಹಂಗಾರ ಅವಗ ತಿಳದಿರತೈತಿ ಬಿಡು," ಎಂದಳು.

ನಾನು ಅಲ್ಲಿಗೆ ಸಿಟ್ಟು ಇಟ್ಟುಕೊಂಡೇ ಹೋಗಿದ್ದೆ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಒಳಯುದ್ಧ ನಡೆದಾಗ ಮ್ಯಾಂಚೆಸ್ಟರ್ ಕಡೆಯ ಬಟ್ಟೆ ಮಿಲ್ಲುಗಳಿಗೆ ಅರಳೆ ಸಿಗಲಿಲ್ಲ. ಆಗ ಅವರ ಕಣ್ಣು ನಮ್ಮ ಧಾರವಾಡ ಸೀಮೆಯ ಎರೆಹೊಲಗಳ ಮೇಲೂ ಬಿತ್ತು. ಇಲ್ಲಿಂದ ಅರಳೆ ಹೋಯಿತು, ಅಲ್ಲಿಂದ ಬಟ್ಟೆ ಬಂತು. ಕೈಮಗ್ಗದವರ ಹೊಟ್ಟೆಯ ಮೇಲೆ ಬರೆ. ಆ ಸಿಟ್ಟು ಈಗಲೂ ಇದೆ. ಆದರೆ ಆ ಮನುಷ್ಯನ ಹೆಬ್ಬೆರಳು ನೋಡಿದ ಮೇಲೆ ಅದನ್ನು ಅವನ ಮೇಲೆ ಇಡಲು ಆಗುತ್ತಿಲ್ಲ. ಅದೇ ಯಂತ್ರ ಅಲ್ಲಿನ ಕೈಮಗ್ಗದವರನ್ನೂ ಬೀದಿಗೆ ತಂದಿತ್ತು. 1931ರಲ್ಲಿ ಗಾಂಧೀಜಿ ಆ ಕಡೆಯ ಡಾರ್ವೆನ್ ಎಂಬ ಮಿಲ್ಲಿನ ಊರಿಗೆ ಹೋದಾಗ ತೆಗೆದ ಫೋಟೊ ಒಂದಿದೆ. ವಿದೇಶಿ ಬಟ್ಟೆ ಬಿಡಿ ಎಂದ ಮನುಷ್ಯನ ಸುತ್ತ ಮಿಲ್ಲಿನ ಹೆಣ್ಣುಮಕ್ಕಳೇ ಕೈ ಎತ್ತಿ ನಗುತ್ತಾ ನಿಂತಿದ್ದಾರೆ. ಮೊದಲು ಆ ಫೋಟೊ ನನಗೆ ಅರ್ಥವೇ ಆಗಿರಲಿಲ್ಲ.

ಮೊಣಕಾಲು ನೋವು ಜಾಸ್ತಿಯಾಗಿ ಅವ್ವ ಮಗ್ಗ ಬಿಟ್ಟು ಆರು ವರ್ಷ. ನಿನ್ನೆ ಸಂಜೆ ಕಟ್ಟೆಯ ಮೇಲೆ ಕೂತಿದ್ದಾಗ, "ಆ ಗಂಟು ನನಗೂ ಕಲಿಸಬೇ," ಎಂದೆ. ಅದೇ ಮನೆಯಲ್ಲಿ ಹುಟ್ಟಿ ಬೆಳೆದವಳು, ಇಷ್ಟು ವರ್ಷ ಕೇಳಿರಲಿಲ್ಲ. ಅವಳು ಏನೂ ಅನ್ನದೆ ಒಳಗೆ ಹೋಗಿ ನೂಲು, ಒಂದು ಹಳೇ ಹಣಿಗೆ ತಂದಳು. ನನ್ನ ಗಂಟು ಎರಡು ಸಲ ಜಾರಿತು. ಮೂರನೆಯದು ನಿಂತಿತು. ಅದನ್ನು ಹಣಿಗೆಯ ಸಂದಿನಲ್ಲಿ ಹಾಯಿಸಿ ಎಳೆದಳು. ಸಿಕ್ಕಿಕೊಂಡಿತು. ಹಲ್ಲಿನಿಂದ ಕಡಿದು, ಎರಡೂ ತುದಿಗಳನ್ನು ತಿರುಗಿ ನನ್ನ ಕೈಗೆ ಕೊಟ್ಟಳು.