ಒಳ್ಳೆಯ ಫರ್ ಫೆಲ್ಟ್ ಹ್ಯಾಟ್ ಯಾರ ಹತ್ತಿರ ಮಾಡಿಸಬೇಕು?

ಮೈಸೂರಿನಲ್ಲಿ ಫೆಲ್ಟ್ ಹ್ಯಾಟ್ ಹಾಕಿಕೊಂಡು ಓಡಾಡುವವರು ಕಡಿಮೆ. ಹಾಗಾಗಿ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನಡೆಯುವಾಗ ಯಾರಾದರೂ ನಿಲ್ಲಿಸಿ ಕೇಳುತ್ತಾರೆ: "ಸಾರ್, ಇದನ್ನ ಎಲ್ಲಿ ಮಾಡಿಸಿದ್ದು? ನನಗೂ ಒಂದು ಬೇಕು, ಯಾರಿಗೆ ಹೇಳಲಿ?" ಒಂದು ಹೆಸರು ಹೇಳಿ ಮುಗಿಸಬಹುದು. ಆದರೆ ನನ್ನ ತಲೆಗೆ ಚೆನ್ನಾಗಿ ಮಾಡಿಕೊಟ್ಟವರು ನಿಮ್ಮ ತಲೆಗೂ ಅಷ್ಟೇ ಚೆನ್ನಾಗಿ ಮಾಡುತ್ತಾರೆ ಅನ್ನುವ ಖಾತ್ರಿ ಇಲ್ಲ. ಅದಕ್ಕೇ ನನ್ನ ಉತ್ತರ ಬೇರೆ. ಮಾಡುವವರು ನಿಮ್ಮ ತಲೆಯ ಬಗ್ಗೆ ಏನೇನು ಕೇಳುತ್ತಾರೆ ಅಂತ ನೋಡಿ. ಬರೀ ಸೈಜ್ ಕೇಳಿ ದುಡ್ಡು ತೆಗೆದುಕೊಳ್ಳುವವರನ್ನು ಬಿಟ್ಟುಬಿಡಿ.

ಹೀಗೆ ಯಾಕೆ ಹೇಳುತ್ತೇನೆ ಅಂದರೆ, ಬಹಳ ಜನ ಮೊದಲು ಕೇಳುವುದು "ಯಾರ ಫೆಲ್ಟ್ ಒಳ್ಳೆಯದು?" ಅಂತ. ಸ್ವಂತವಾಗಿ ಫೆಲ್ಟ್ ಮಾಡುವ ಹ್ಯಾಟಿನವರು ಬಹಳ ಕಡಿಮೆ. ಫರ್ ಫೆಲ್ಟ್ ಅನ್ನುವುದು ನೇಯ್ದ ಬಟ್ಟೆ ಅಲ್ಲ. ಮೊಲ, ಕಾಡುಮೊಲ, ನೀರಲ್ಲಿ ಬದುಕುವ ಬೀವರ್ ಇಂಥ ಪ್ರಾಣಿಗಳ ಹೊರಗಿನ ಒರಟು ಕೂದಲು ತೆಗೆದು, ಒಳಗಿನ ಮೆತ್ತನೆಯ ತುಪ್ಪಳವನ್ನು ಮಾತ್ರ ಬಳಸುತ್ತಾರೆ. ಅದನ್ನು ತೂತುಗಳಿರುವ ಒಂದು ಶಂಕುವಿನ ಮೇಲೆ ಗಾಳಿಯಲ್ಲಿ ಹಾರಿಸಿ ಕೂರಿಸುತ್ತಾರೆ. ಮೇಲೆ ಬಿಸಿನೀರು ಬೀಳುತ್ತದೆ. ಆಗ ಸಿಗುವ ತೆಳು ಹೊದಿಕೆ ಹ್ಯಾಟಿಗಿಂತ ಎಷ್ಟೋ ದೊಡ್ಡದು. ಅದನ್ನು ಬಿಸಿನೀರಲ್ಲಿ ಅದ್ದಿ, ಒತ್ತಿ, ಉರುಳಿಸಿ, ಮತ್ತೆ ಅದ್ದಿ ಕುಗ್ಗಿಸುತ್ತಾರೆ. ಕೂದಲಿನ ಮೈಮೇಲಿನ ಸಣ್ಣ ಹುರುಪೆಗಳು ಒಂದಕ್ಕೊಂದು ಸಿಕ್ಕಿಹಾಕಿಕೊಂಡು ಬಿಡಿಸಲಾರದಷ್ಟು ಬಿಗಿಯಾಗುತ್ತವೆ. ಉಣ್ಣೆ ಸ್ವೆಟರನ್ನು ಬಿಸಿನೀರಲ್ಲಿ ಒಗೆದರೆ ಕುಗ್ಗಿ ದಪ್ಪಗಾಗುತ್ತದಲ್ಲ, ಅಲ್ಲಿ ನಡೆಯುವುದೂ ಇದೇ. ಮೊಲದ ತುಪ್ಪಳ ಉಣ್ಣೆಗಿಂತ ನಯ, ಇನ್ನೂ ಹತ್ತಿರ ಸೇರುತ್ತದೆ. ಹಾಗಾಗಿ ತೆಳ್ಳಗಿದ್ದರೂ ಗಟ್ಟಿ. ಬೀವರ್ ಇನ್ನೂ ದಟ್ಟ, ಮಳೆ ನೀರನ್ನು ಚೆನ್ನಾಗಿ ತಡೆಯುತ್ತದೆ.

ಇದಕ್ಕೆ ದೊಡ್ಡ ಯಂತ್ರಗಳು ಬೇಕು. ಅಂಥ ಕಾರ್ಖಾನೆಗಳು ಈಗ ಜಗತ್ತಿನಲ್ಲಿ ಕೆಲವೇ ಉಳಿದಿವೆ. ಪೋರ್ಚುಗಲ್‌ನ ಫೆಪ್ಸಾ, ಚೆಕ್ ದೇಶದ ಟೊನಾಕ್, ಅಮೆರಿಕದ ಟೆನೆಸಿಯಲ್ಲಿರುವ ವಿಂಚೆಸ್ಟರ್, ಇವು ಹೆಸರಾದವು. ಕೈಯಲ್ಲಿ ಹ್ಯಾಟ್ ಮಾಡುವವರು ಹೆಚ್ಚಾಗಿ ಇಂಥವರಿಂದಲೇ ಟೋಪಿಯಾಕಾರದ ಕಚ್ಚಾ ಫೆಲ್ಟ್ ತರಿಸುತ್ತಾರೆ. ಅಂದರೆ ನೀವು ದುಬಾರಿ ಅಂದುಕೊಂಡವರ ಫೆಲ್ಟೂ, ಅವರ ಅರ್ಧ ಬೆಲೆಗೆ ಮಾಡುವವರ ಫೆಲ್ಟೂ ಒಂದೇ ಕಾರ್ಖಾನೆಯದ್ದು ಇರಬಹುದು. ವ್ಯತ್ಯಾಸ ಇರುವುದು ಆಮೇಲಿನ ಕೈಕೆಲಸದಲ್ಲಿ. ಹಬೆ ಕೊಟ್ಟು ಮರದ ಅಚ್ಚಿನ ಮೇಲೆ ಎಳೆಯಬೇಕು. ಬುಡಕ್ಕೆ ಹುರಿ ಬಿಗಿದು ಆರಲು ಬಿಡಬೇಕು. ಇಸ್ತ್ರಿ ಹಾಕಬೇಕು. ಉಪ್ಪುಕಾಗದದಿಂದ ಉಜ್ಜುತ್ತಾ, ಇನ್ನೂ ನಯವಾದದ್ದು ಹಿಡಿದು ಮತ್ತೆ ಉಜ್ಜುತ್ತಾ ಮೈಯನ್ನು ರೇಷ್ಮೆಯ ಹದಕ್ಕೆ ತರಬೇಕು. ಬ್ರಿಮ್, ಅಂದರೆ ಸುತ್ತ ಚಾಚಿದ ಅಂಚು, ಕತ್ತರಿಸಿ ಅದಕ್ಕೊಂದು ಬಾಗು ಕೊಡಬೇಕು. ಕೊನೆಗೆ ಒಳಗಿನ ಚರ್ಮದ ಪಟ್ಟಿ, ಹೊರಗಿನ ರಿಬ್ಬನ್ ಹೊಲಿಯಬೇಕು. ಇದರಲ್ಲಿ ಎಷ್ಟು ಕೆಲಸ ಅವರದ್ದೇ ಅಂತ ಕೇಳಿ. ಈಚೆಗೆ ಕೆಲವರು ರೆಡಿಮೇಡ್ ಹ್ಯಾಟ್ ತಂದು, ಹಬೆಯಲ್ಲಿ ಮಡಿಕೆ ಬದಲಿಸಿ, ಅಂಚು ಸ್ವಲ್ಪ ಸುಟ್ಟು, ಬೇರೆ ರಿಬ್ಬನ್ ಸುತ್ತಿ "ನಿಮಗಾಗಿಯೇ ಮಾಡಿದ್ದು" ಅಂತ ಮಾರುತ್ತಾರೆ. ನೋಡಲು ಚೆನ್ನಾಗಿರಬಹುದು. ಆದರೆ ಅದು ನಿಮ್ಮ ತಲೆಗೆ ಮಾಡಿದ ಹ್ಯಾಟ್ ಅಲ್ಲ.

ತಲೆಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಕಷ್ಟವೆಲ್ಲ ಬರುವುದು ಅಲ್ಲೇ. ಸನ್ಮಾನ ಸಮಾರಂಭದಲ್ಲಿ ತೊಡಿಸುವ ರೆಡಿಮೇಡ್ ಮೈಸೂರು ಪೇಟ ನೋಡಿದ್ದೀರಲ್ಲ. ಒಬ್ಬರಿಗೆ ಹುಬ್ಬಿಗೆ ಜಾರುತ್ತದೆ, ಇನ್ನೊಬ್ಬರಿಗೆ ನೆತ್ತಿ ಮೇಲೇ ನಿಂತುಬಿಡುತ್ತದೆ. ತಲೆಗೇ ಸುತ್ತಿ ಕಟ್ಟಿದ ಪೇಟ ಹಾಗಾಗುವುದಿಲ್ಲ. ಹ್ಯಾಟಿನಲ್ಲೂ ಸುತ್ತಳತೆ ಅನ್ನುವುದು ಅರ್ಧ ಮಾತ್ರ. ಇಬ್ಬರ ತಲೆಯ ಸುತ್ತಳತೆ 58 ಸೆಂಟಿಮೀಟರ್ ಇರಬಹುದು. ಒಬ್ಬರದ್ದು ಹಿಂದೆ ಮುಂದೆ ಉದ್ದ, ಇನ್ನೊಬ್ಬರದ್ದು ದುಂಡಗೆ. ಒಂದೇ ಹ್ಯಾಟ್ ಇಬ್ಬರಿಗೂ ಕೂರುವುದಿಲ್ಲ.

ಮಂಡ್ಯದ ನನ್ನ ಗೆಳೆಯನೊಬ್ಬ ಹೊರದೇಶದವರೊಬ್ಬರ ಹತ್ತಿರ ಸಾಕಷ್ಟು ದುಡ್ಡು ಕೊಟ್ಟು ಹ್ಯಾಟ್ ಮಾಡಿಸಿದ. ಅವರು ಸೈಜ್ ಬಿಟ್ಟು ಏನೂ ಕೇಳಿರಲಿಲ್ಲ. "ಸೈಜ್ ಸರಿಯಾಗೇ ಅದೆ ಕಣಣ್ಣ, ಆದ್ರೆ ಅರ್ಧ ಗಂಟೆಗೆಲ್ಲ ತಲೆ ನೋಯ್ತದೆ" ಅಂದ. ತೆಗೆಸಿ ನೋಡಿದೆ. ಹಣೆ ನಡುವೆ ಎರಡು ಬೆರಳಗಲ ಕೆಂಪು ಗೆರೆ. ತಲೆಯ ಹಿಂದೆಯೂ ಅಂಥದ್ದೇ ಒಂದು. ಮತ್ತೆ ಹಾಕಿಸಿ ಕಿವಿಯ ಮೇಲ್ಗಡೆ ಬೆರಳು ತೂರಿಸಿದರೆ ಸಲೀಸಾಗಿ ಒಳಗೆ ಹೋಯಿತು, ಎರಡೂ ಕಡೆ. ಅವನದ್ದು ಉದ್ದನೆ ತಲೆ, ಹ್ಯಾಟ್ ಮಾಮೂಲಿ ಅಂಡಾಕಾರದ್ದು. ಮುಂದೆ ಹಿಂದೆ ಕಚ್ಚುತ್ತದೆ, ಪಕ್ಕದಲ್ಲಿ ಗಾಳಿ ಆಡುತ್ತದೆ. ಕೆಆರ್‌ಎಸ್‌ನಂಥ ಬಯಲಲ್ಲಿ ಜೋರು ಗಾಳಿ ಬಂದರೆ ಅದು ತಲೆ ಮೇಲೆ ನಿಲ್ಲುವುದೂ ಇಲ್ಲ. ಇದು ಫೆಲ್ಟಿನ ತಪ್ಪಲ್ಲ. ಒಂದು ಪ್ರಶ್ನೆ ಜಾಸ್ತಿ ಕೇಳಿದ್ದರೆ ತಪ್ಪುತ್ತಿತ್ತು.

ಹಿಂದಿನವರಿಗೆ ಇದು ಚೆನ್ನಾಗಿ ಗೊತ್ತಿತ್ತು. ಫ್ರಾನ್ಸಿನಲ್ಲಿ 19ನೇ ಶತಮಾನದಲ್ಲೇ ಕನ್‌ಫಾರ್ಮೇಟರ್ ಅನ್ನುವ ಸಾಧನ ಬಂತು. ನೋಡಲು ಎತ್ತರದ ಹ್ಯಾಟಿನ ಹಾಗೇ ಇರುತ್ತದೆ, ಸುತ್ತಲೂ ಸರಿದಾಡುವ ಕಡ್ಡಿಗಳು. ತಲೆ ಮೇಲೆ ಇಟ್ಟರೆ ಪ್ರತಿ ಕಡ್ಡಿಯೂ ತಲೆಯ ಉಬ್ಬು ತಗ್ಗಿಗೆ ತಕ್ಕಂತೆ ಸರಿಯುತ್ತದೆ. ಮೇಲಿನ ಮುಚ್ಚಳ ಒತ್ತಿದರೆ ಸಣ್ಣ ಮೊಳೆಗಳು ಕಾಗದದಲ್ಲಿ ತೂತು ಮಾಡಿ ನಿಮ್ಮ ತಲೆಯ ಆಕಾರವನ್ನು ಚಿಕ್ಕದಾಗಿ ಬರೆದುಕೊಡುತ್ತವೆ. ಲಂಡನ್‌ನಲ್ಲಿ 1676ರಿಂದ ನಡೆಯುತ್ತಿರುವ ಲಾಕ್ ಹ್ಯಾಟ್ ಅಂಗಡಿಯವರು ಹೆಸರಾಂತ ಗಿರಾಕಿಗಳ ಇಂಥ ಚೀಟಿಗಳನ್ನು ಇಟ್ಟುಕೊಂಡಿದ್ದಾರೆ. ಒಬ್ಬರದ್ದೂ ಸರಿಯಾದ ಅಂಡಾಕಾರ ಇರುವುದಿಲ್ಲ. ಒಂದು ಕಡೆ ಉಬ್ಬು, ಒಂದು ಕಡೆ ಚಪ್ಪಟೆ. ನಮ್ಮದೂ ಹಾಗೇ.

ನಾವು ಮೈಸೂರಿನಲ್ಲಿ ಕೂತು ದೂರದವರಿಗೆ ಹೇಳಿ ಮಾಡಿಸುವವರು. ಆ ಸಾಧನ ನಮ್ಮ ತಲೆ ಮೇಲೆ ಬರುವುದಿಲ್ಲ. ಅದಕ್ಕೆ ಬದಲು ಎಂಜಿನಿಯರಿಂಗ್ ಹುಡುಗರು ಡ್ರಾಯಿಂಗ್‌ಗೆ ಬಳಸುವ ಫ್ಲೆಕ್ಸಿಬಲ್ ಕರ್ವ್ ಇದೆ. ಬಗ್ಗಿಸಿದರೆ ಬಗ್ಗಿದ ಹಾಗೇ ನಿಲ್ಲುವ ರಬ್ಬರ್ ಪಟ್ಟಿ. ತಲೆ ಸುತ್ತ ಬರುವಷ್ಟು ಉದ್ದದ್ದು ತನ್ನಿ. ಹಣೆ ನಡುವೆ, ಕಿವಿಗಿಂತ ಒಂದು ಬೆರಳು ಮೇಲೆ, ಹಿಂದೆ ಬುರುಡೆ ಉಬ್ಬಿರುವ ಜಾಗದ ಮೇಲೆ, ಹೀಗೆ ಹ್ಯಾಟ್ ಕೂರುವ ಗೆರೆಯಲ್ಲೇ ಸುತ್ತಿ. ಮನೆಯವರ ಕೈಲಿ ಒತ್ತಿಸಿ, ನೀವೇ ಒತ್ತಿಕೊಂಡರೆ ಸರಿಯಾಗಿ ಬರುವುದಿಲ್ಲ. ಆಕಾರ ಕೆಡದ ಹಾಗೆ ತೆಗೆದು ಕಾಗದದ ಮೇಲೆ ಗೆರೆ ಎಳೆಯಿರಿ. ಮುಂಭಾಗ ಯಾವುದು ಅಂತ ಗುರುತು ಹಾಕಿ. ಟೇಪಿನ ಅಳತೆಯನ್ನು ಸೆಂಟಿಮೀಟರಿನಲ್ಲೇ ಕೊಡಿ. 58 ಸೆಂಟಿಮೀಟರ್ ಅಂದರೆ ಅಮೆರಿಕದವರಿಗೆ 7¼, ಇಂಗ್ಲೆಂಡಿನವರಿಗೆ 7⅛. ಇನ್‌ಚಿನ ಸೈಜ್ ಹೇಳಿದರೆ ಗೊಂದಲ ಆಗುತ್ತದೆ.

ನೀವು ಕಳಿಸುವ ಮೊದಲೇ ಅವರಾಗಿ ಈ ಚಿತ್ರ ಕೇಳಿದರೆ ಅಲ್ಲಿಗೆ ನಿಮ್ಮ ಅರ್ಧ ಹುಡುಕಾಟ ಮುಗಿಯಿತು. ಮುಖದ ಫೋಟೋ ಕೇಳಿ, ಭುಜದ ಅಗಲಕ್ಕೂ ಬ್ರಿಮ್ಮಿಗೂ ತಾಳೆ ನೋಡುವವರು ಇನ್ನೂ ಒಳ್ಳೆಯವರು. ಎಲ್ಲಿ ಹಾಕುತ್ತೀರಿ, ಅಲ್ಲಿ ಬಿಸಿಲೆಷ್ಟು, ಮಳೆ ಎಷ್ಟು ಅಂತ ಕೇಳುವವರೂ ಇದ್ದಾರೆ. ಅಂಥವರಿಗೆ ಇಲ್ಲಿನ ಹವೆ ಬಿಡಿಸಿ ಹೇಳಿ. ನಮಗೆ ತೆಳು ಫೆಲ್ಟೇ ಸರಿ. ಕುದುರೆ ಸವಾರರು ಹಾಕುವ ದಪ್ಪನೆಯದ್ದು ಬೇಡ. ಏಪ್ರಿಲ್ ಬಿಸಿಲಿಗೆ ಮಾತ್ರ ಯಾವ ಫೆಲ್ಟೂ ಹಿತವಲ್ಲ. ಆಗ ಹುಲ್ಲಿನ ಹ್ಯಾಟೇ ಒಳ್ಳೆಯದು. ಜಿಟಿಜಿಟಿ ಮಳೆಗೆ, ನವೆಂಬರಿನಿಂದ ಫೆಬ್ರವರಿವರೆಗಿನ ಬೆಳಗಿಗೆ, ಕೊಡಗು ಊಟಿ ಕಡೆ ಹೋಗುವಾಗ ಫರ್ ಫೆಲ್ಟಿಗೆ ಸಮ ಯಾವುದೂ ಇಲ್ಲ.

ಹ್ಯಾಟ್ ಬಂದ ಮೇಲೆ ಮೊದಲು ಒಳಗೆ ನೋಡಿ. ಚರ್ಮದ ಪಟ್ಟಿಯನ್ನು ಮೆಲ್ಲಗೆ ಹೊರಗೆ ಮಡಚಿ. ಅದು ಫೆಲ್ಟಿಗೆ ಹೊಲಿಗೆಯಲ್ಲಿ ಕೂತಿದೆಯೋ, ಬರೀ ಅಂಟಿನಲ್ಲೋ? ನಮ್ಮ ಬೆವರಿಗೆ ಅಂಟು ಬಾಳುವುದಿಲ್ಲ. ಹೊಲಿದಿದ್ದರೆ ಮುಂದೆ ಪಟ್ಟಿ ಸವೆದಾಗ ಬಿಚ್ಚಿ ಬೇರೆ ಹಾಕಿಸಬಹುದು, ಹ್ಯಾಟ್ ಉಳಿಯುತ್ತದೆ. ಪಟ್ಟಿಯ ಎರಡು ತುದಿ ಸೇರುವ ಜಾಗ, ಹಲವು ಹ್ಯಾಟುಗಳಲ್ಲಿ ಅಲ್ಲೊಂದು ಪುಟ್ಟ ಗಂಟೂ ಇರುತ್ತದೆ, ಸರಿಯಾಗಿ ಹಿಂದೆ ನಡುವೆ ಬಂದಿರಬೇಕು. ಆಮೇಲೆ ಬ್ರಿಮ್ಮನ್ನು ಬೆರಳಲ್ಲಿ ಸ್ವಲ್ಪ ಬಾಗಿಸಿ ಬಿಡಿ. ಒಳ್ಳೆಯ ಫೆಲ್ಟ್ ಗೆರೆ ಬೀಳದೆ ವಾಪಸ್ ಬರುತ್ತದೆ. ರಟ್ಟಿನ ಹಾಗೆ ಬಿರುಸಾಗಿದ್ದರೆ ಅರಗಿನಂಥ ಗಟ್ಟಿ ಮಾಡುವ ದ್ರಾವಣ ಜಾಸ್ತಿ ಕುಡಿಸಿದ್ದಾರೆ ಅಂತ ಅರ್ಥ. ಎರಡು ಮಳೆಗೆ ಅದರ ಬಣ್ಣ ಬಯಲಾಗುತ್ತದೆ. ಇಂಥ ತಪ್ಪು ಕಂಡರೆ ಸರಿ ಮಾಡಿಕೊಡುತ್ತೀರಾ, ಕಳಿಸುವ ಖರ್ಚು ಯಾರದ್ದು ಅಂತ ದುಡ್ಡು ಕೊಡುವ ಮೊದಲೇ ಬರಹದಲ್ಲಿ ಕೇಳಿಟ್ಟುಕೊಳ್ಳಿ. ಕಸ್ಟಮ್ಸ್ ಸುಂಕದ ಲೆಕ್ಕವನ್ನೂ ಸೇರಿಸಿಕೊಳ್ಳಿ.

ಎಕ್ಸ್ ಸಂಖ್ಯೆ ನೋಡಿ ಮರುಳಾಗಬೇಡಿ. 10ಎಕ್ಸ್, 20ಎಕ್ಸ್, 100ಎಕ್ಸ್ ಅಂತ ಹ್ಯಾಟಿನೊಳಗೆ ಬರೆದಿರುತ್ತದೆ. ಬೀವರ್ ತುಪ್ಪಳ ಎಷ್ಟಿದೆ ಅಂತ ತಿಳಿಸಲು ಬಂದ ಗುರುತು ಅದು. ಈಗ ಅದಕ್ಕೆ ಎಲ್ಲರೂ ಒಪ್ಪಿದ ಅಳತೆ ಇಲ್ಲ. ಒಬ್ಬರ 20 ಇನ್ನೊಬ್ಬರ 100ಕ್ಕೆ ಸಮ ಇರಬಹುದು. "ಇದರಲ್ಲಿ ಬೀವರ್ ಎಷ್ಟು ಪಾಲು, ಮೊಲ ಎಷ್ಟು ಪಾಲು?" ಅಂತ ನೇರವಾಗಿ ಕೇಳಿ. ನೇರ ಉತ್ತರ ಕೊಡದವರ ಹತ್ತಿರ ಹೋಗಬೇಡಿ. ಮೊದಲ ಹ್ಯಾಟಿಗೆ ಒಳ್ಳೆಯ ಮೊಲದ ಫೆಲ್ಟೇ ಸಾಕು ಅನ್ನುವುದು ನನ್ನ ಅಭಿಪ್ರಾಯ.

ಹಳೇ ಹ್ಯಾಟ್ ಕೊಂಡು ತಲೆಗೆ ಹೊಂದಿಸಿಕೊಳ್ಳಲಾ ಅಂತಲೂ ಕೆಲವರು ಕೇಳುತ್ತಾರೆ. ಒಂದು ಕಾಲದಲ್ಲಿ ತುಪ್ಪಳ ಬೇಗ ಹೆಣೆದುಕೊಳ್ಳಲಿ ಅಂತ ಪಾದರಸದ ದ್ರಾವಣ ಹಚ್ಚುತ್ತಿದ್ದರು. ಅಮೆರಿಕದ ಡ್ಯಾನ್‌ಬರಿ ಊರಿನ ಹ್ಯಾಟ್ ಕಾರ್ಮಿಕರಿಗೆ ಅದರಿಂದ ಕೈಕಾಲು ನಡುಗುವ ಕಾಯಿಲೆ ಬಂತು. ಅಲ್ಲಿ ಪಾದರಸದ ಬಳಕೆ ನಿಂತದ್ದು 1941ರಲ್ಲಿ. ಅದಕ್ಕಿಂತ ಹಿಂದಿನ ಹ್ಯಾಟಿನಲ್ಲಿ ಪಾದರಸ ಇನ್ನೂ ಉಳಿದಿರಬಹುದು, ಅದನ್ನು ಕಪಾಟಿನಲ್ಲಿ ಇಟ್ಟು ನೋಡಿ, ಹಬೆ ಹಿಡಿದು ಬಗ್ಗಿಸಲು ಹೋಗಬೇಡಿ.

ಇನ್ನೊಂದು ಮಾತು ಮುಚ್ಚಿಡಬಾರದು. ಈ ತುಪ್ಪಳ ಬರುವುದು ಕೊಂದ ಪ್ರಾಣಿಯ ಚರ್ಮದಿಂದ. ಮನೆಯಲ್ಲಿ, ಮನಸ್ಸಿನಲ್ಲಿ ಅದು ಒಗ್ಗದಿದ್ದರೆ ಸುಮ್ನೆ ಬಲವಂತ ಬೇಡ. ಕುರಿ ಉಣ್ಣೆಯ ಫೆಲ್ಟ್ ಇದೆ. ಬಾಳಿಕೆ ಕಡಿಮೆ, ಮಳೆಗೆ ಆಕಾರ ಕೆಡುತ್ತದೆ, ಆದರೂ ಜೋಪಾನ ಮಾಡಿದರೆ ಹಾಕಬಹುದು.

ಎಲ್ಲರೂ ಹೇಳಿ ಮಾಡಿಸಲೇಬೇಕು ಅಂತಲೂ ಇಲ್ಲ. ಇಟಲಿಯ ಬೊರ್ಸಲಿನೊ 1857ರಿಂದ, ಅಮೆರಿಕದ ಸ್ಟೆಟ್ಸನ್ 1865ರಿಂದ ಇವೆ. ಆಸ್ಟ್ರೇಲಿಯಾದ ಅಕುಬ್ರಾ ಮೊಲದ ತುಪ್ಪಳದ ಹ್ಯಾಟಿಗೇ ಹೆಸರಾಗಿದೆ. ನಿಮ್ಮದು ಮಾಮೂಲಿ ಅಂಡಾಕಾರದ ತಲೆ, ಅಳತೆಯೂ ಅವರ ಪಟ್ಟಿಯಲ್ಲಿ ಇದೆ ಅಂದರೆ ಅವರ ರೆಡಿಮೇಡ್ ಹ್ಯಾಟೇ ಚೆನ್ನಾಗಿ ಕೂರುತ್ತದೆ. ಸುತ್ತಳತೆ ಬಹಳ ದೊಡ್ಡದು, ತಲೆ ತೀರಾ ಉದ್ದ ಅಥವಾ ತೀರಾ ದುಂಡು ಅನ್ನುವವರಿಗೆ ಮಾತ್ರ ಹೇಳಿ ಮಾಡಿಸುವುದು ನಿಜವಾಗಿ ಬೇಕು. ಮೊದಲು ಆ ಕಾಗದದ ಮೇಲಿನ ಗೆರೆ ನೋಡಿ, ಆಮೇಲೆ ದುಡ್ಡಿನ ಯೋಚನೆ ಮಾಡಿ.

ಮಾಡಿಸುವುದೇ ಅಂತ ಆದರೆ ಬೇಗ ಬರೆಯಿರಿ. ಒಬ್ಬರೇ ಕೂತು ಕೈಯಲ್ಲಿ ಮಾಡುವವರ ಹತ್ತಿರ ಸರದಿ ಉದ್ದ ಇರುತ್ತದೆ, ತಿಂಗಳುಗಟ್ಟಲೆ ಕಾಯಬೇಕು. ದಸರಾ ಹೊತ್ತಿಗೆ ತಲೆ ಮೇಲೆ ಹ್ಯಾಟ್ ಇರಬೇಕು ಅಂದರೆ ಯುಗಾದಿ ಮುಗಿಯುತ್ತಿದ್ದ ಹಾಗೇ ಅಳತೆ ಕಳಿಸಿಬಿಡಿ.